ಕನ್ನಡಕದಂಗಡಿಯ ಉದ್ದ

ಗೋಡೆಗೆ ಬಣ್ಣ ಬಳಿಯುವ ಮೊದಲು ತಲೆಯೊಳಗೆ ಒಂದು ಸಲ ಬಳಿದು ಮುಗಿಸಿರಬೇಕು ಎನ್ನುವುದು ಬಣ್ಣದಣ್ಣನ ಮಾತು. ಕಂಡಕಂಡವರಿಗೆಲ್ಲ ಇದನ್ನು ಹೇಳಿ ಹೇಳಿ, ಕೇಳಿದವರ ಕಿವಿ ತೂತು ಬಿದ್ದಿತ್ತು. ಆದರೆ ಹೇಳಿದಂತೆ ನಡೆಯುವವನೂ ಹೌದು. ಗೋದಾಮಿರಲಿ, ಬ್ಯಾಂಕಿರಲಿ, ಆಸ್ಪತ್ರೆಯಿರಲಿ, ಒಂದು ಸಲ ಒಳಗೆ ಹೋಗಿ ಗೋಡೆ ತಟ್ಟಿ, ಅಳತೆ ಹಿಡಿದು, ಮೂಲೆಮೂಲೆಗೂ ಮೂಗು ತೂರಿಸಿ ಹೊರಗೆ ಬಂದನೆಂದರೆ ಮುಗಿಯಿತು. ಯಾವ ಗೋಡೆ ಮೊದಲು, ಯಾವುದು ಆಮೇಲೆ, ಎಲ್ಲಿ ಹಳೆಯ ಬಣ್ಣ ಕೆರೆಯಬೇಕು, ಎಲ್ಲಿ ಏಣಿ ಸಾಕು, ಎಲ್ಲಿ ಸಾರುವೆ ಕಟ್ಟಬೇಕು, ಎಲ್ಲವೂ ಅವನ ತಲೆಯಲ್ಲಿ ಕೂತುಬಿಟ್ಟಿರುತ್ತಿತ್ತು. ಎರಡನೇ ಸಲ ಹೋಗಿ ನೋಡುವವರನ್ನು ಕಂಡರೆ ಅವನಿಗೆ ನಗು. "ಒಂದೇ ಗೋಡೆಯನ್ನ ಎರಡೆರಡು ಸಲ ನೋಡೋಕೆ ಅದೇನು ಸಿನಿಮಾನಾ?" ಎನ್ನುತ್ತಿದ್ದ.

ಅಂಥವನು ಈ ಕನ್ನಡಕದಂಗಡಿಗೆ ಎಷ್ಟು ಸಲ ಹೋಗಿ ಬಂದಿದ್ದನೋ ಆ ದೇವರೇ ಬಲ್ಲ. ದೇವರ ಜೊತೆಗೆ ಅವನ ಅಕ್ಕನೂ ಬಲ್ಲಳು. ಅಪ್ಪ ಬಿಟ್ಟುಹೋದ ಬಣ್ಣದ ಕಂಪನಿಯನ್ನು ಇಬ್ಬರೂ ಸೇರಿ ನಡೆಸುತ್ತಿದ್ದರು. ತಮ್ಮನಾದವನು ಊರೆಲ್ಲ ಸುತ್ತಿ ಪ್ಲ್ಯಾನು ಹಾಕಬೇಕು, ಅಕ್ಕ ಆಫೀಸಿನಲ್ಲಿ ಕೂತು ಲೆಕ್ಕ ಕಟ್ಟಬೇಕು, ಆಮೇಲೆ ಆಳುಗಳು ಹೋಗಿ ಕೆಲಸ ಮುಗಿಸಬೇಕು. ಪ್ಲ್ಯಾನು ಮುಗಿದ ಮೇಲೆ ತಮ್ಮನಿಗೆ ಆ ಜಾಗದಲ್ಲಿ ಏನೂ ಕೆಲಸವಿಲ್ಲ. ಅವನು ಮುಂದಿನ ಕಟ್ಟಡಕ್ಕೆ ಹೊರಡಬೇಕು. ಇಷ್ಟು ವರ್ಷ ಈ ಏರ್ಪಾಡು ಅವನಿಗೆ ಬಹಳ ಹಿಡಿಸಿತ್ತು. ಈಗ ಅದನ್ನು ನೆನೆದರೆ ಊಟ ಸೇರುತ್ತಿರಲಿಲ್ಲ.

ಅಂಗಡಿ ಒಂದು ಬೀದಿಯ ತಿರುವಿನಲ್ಲಿತ್ತು. ಬಾಗಿಲ ಪಕ್ಕದಲ್ಲೇ ಕೌಂಟರು, ಎರಡೂ ಬದಿಗೆ ಕನ್ನಡಕಗಳನ್ನು ಜೋಡಿಸಿಟ್ಟ ಗಾಜಿನ ಕಪಾಟುಗಳು, ಎದುರಿಗೆ ಆ ಕೊನೆಯ ಗೋಡೆಯ ತುಂಬ, ನೆಲದಿಂದ ಚಾವಣಿಯವರೆಗೆ, ಒಂದೇ ಒಂದು ಕನ್ನಡಿ. ಮಹಡಿಯ ಮೇಲೆ ಲೆನ್ಸ್ ಉಜ್ಜುವ ಕೋಣೆ. ಅಂಗಡಿ ನಡೆಸುವವಳು ಮಗಳಾದರೂ ಎಲ್ಲರೂ ಯಜಮಾನರು ಎನ್ನುತ್ತಿದ್ದುದು ಮೂಲೆಯ ಕುರ್ಚಿಯಲ್ಲಿ ಕೂತ ಅವಳ ಅಪ್ಪನನ್ನು. ಕೆಲಸ ಬಿಟ್ಟರೂ ಅವರು ಬಾಯಿ ಮಾಡುವುದನ್ನು ಬಿಟ್ಟಿರಲಿಲ್ಲ. ಮಗಳಿಗೆ ನಲವತ್ತು ಹತ್ತಿರವಾಗಿತ್ತು. ಮದುವೆಯ ಮಾತು ಬಂದಾಗಲೆಲ್ಲ "ಲೆನ್ಸ್ ರೆಡಿಯಾಗಿದೆ, ಕೊಟ್ಟು ಬರ್ತೀನಿ" ಎಂದು ಎದ್ದು ಹೋಗಿ ಹೋಗಿ, ಮಾತೇ ಬಾರದಂತೆ ಮಾಡಿಕೊಂಡವಳು. ಬಣ್ಣದಣ್ಣನೂ ಹೆಚ್ಚುಕಡಿಮೆ ಅದೇ ವಯಸ್ಸಿನವನು. ಊರವರ ಮನೆಗಳನ್ನೆಲ್ಲ ಚೆಂದ ಮಾಡುವ ಭರದಲ್ಲಿ ತನಗೊಂದು ಸಂಸಾರ ಬೇಕೆನ್ನುವುದನ್ನೇ ಮರೆತಿದ್ದ.

ಮೊದಲ ದಿನ ಅವನು ಒಳಗೆ ಕಾಲಿಟ್ಟು ಇನ್ನೂ ಗೋಡೆ ತಟ್ಟಿರಲಿಲ್ಲ, ಅವಳು ಕೌಂಟರಿನಿಂದಲೇ ಕೈ ಚಾಚಿದ್ದಳು.

"ಆ ಕನ್ನಡಕ ಕೊಡಿ ಇಲ್ಲಿ."

"ನಾನು ಬಣ್ಣದವನು ಮೇಡಂ, ಗಿರಾಕಿಯಲ್ಲ."

"ಅದು ಕನ್ನಡಕ ನೋಡಿದ್ರೇ ಗೊತ್ತಾಗುತ್ತೆ. ಗಾಜಿನ ಮೇಲೆ ಊರಿನ ಬಣ್ಣವೆಲ್ಲ ಇದೆ. ಇದನ್ನ ಹಾಕ್ಕೊಂಡು ನಮ್ಮ ಗೋಡೆಗೆ ಏನು ಬಣ್ಣ ಅಂತ ಹೇಳ್ತೀರಿ?"

ಅವಳು ಅದನ್ನು ತೊಳೆದು, ಒರೆಸಿ, ಬೆಳಕಿಗೆ ಹಿಡಿದು ನೋಡಿ, ತಾನೇ ಅವನ ಮೂಗಿನ ಮೇಲೆ ಕೂರಿಸಿದಳು. ಕಿವಿಯ ಹಿಂದೆ ಕಡ್ಡಿ ಸರಿಯಾಗಿ ಕೂತಿತೇ ಎಂದು ಬೆರಳಿನಿಂದ ಮುಟ್ಟಿಯೂ ನೋಡಿದಳು. ಅವಳಿಗೆ ಅದು ದಿನಕ್ಕೆ ಹತ್ತಾರು ಸಲ ಮಾಡುವ ಕೆಲಸ. ಇವನಿಗೆ ಮಾತ್ರ ಜಗತ್ತೇ ಫಳಫಳ ಹೊಳೆದು, ಆ ಹೊಳಪಿನ ನಟ್ಟನಡುವೆ ಅವಳ ಮುಖ ನಿಂತುಬಿಟ್ಟಿತು. ಅಂದು ಅವನು ಯಾವ ಗೋಡೆ ತಟ್ಟಿದ, ಏನು ಅಳೆದ, ಯಾರ ಹತ್ತಿರ ಏನು ಮಾತಾಡಿದ ಎಂದು ಕೇಳಿದರೆ ಅವನಿಗೇ ಗೊತ್ತಿರಲಿಲ್ಲ. ಆಫೀಸಿಗೆ ಮರಳಿದವನು ಅಕ್ಕನಿಗೆ, "ಸ್ವಲ್ಪ ಕಷ್ಟದ ಜಾಗ. ಇನ್ನೊಂದು ಸಲ ನೋಡಬೇಕು" ಎಂದ. ಅಕ್ಕ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟು ಅವನ ಹಣೆ ಮುಟ್ಟಿ ನೋಡಿದಳು.

ಕಷ್ಟದ ಜಾಗ ಎಂದದ್ದು ಪೂರ್ತಿ ಸುಳ್ಳೇನಲ್ಲ. ಅಂಗಡಿ ಒಂದು ದಿನವೂ ಮುಚ್ಚಕೂಡದು ಎಂದು ಯಜಮಾನರ ಕಟ್ಟಪ್ಪಣೆ. ಪುಟ್ಟಿ ಹಚ್ಚಿ ಉಜ್ಜಿದರೆ ಹಿಟ್ಟಿನಂಥ ಧೂಳು ಏಳುತ್ತದೆ, ಆ ಧೂಳು ಲೆನ್ಸಿಗೆ ಕೂತರೆ ಗೀರು ಬೀಳುತ್ತದೆ. ಅದಕ್ಕೇ ಮೇಲಿನ ಕೋಣೆ ಮೊದಲು, ಅದೂ ಯಂತ್ರಗಳಿಗೆಲ್ಲ ಪ್ಲಾಸ್ಟಿಕ್ ಹೊದಿಸಿ. ಹಿಂಬದಿಯ ಗೋಡೆಗೆ ಒಳಗಿನಿಂದ ನೀರು ಜಿನುಗಿತ್ತು; ಅದು ಪೂರ್ತಿ ಒಣಗದೆ ಪ್ರೈಮರ್ ಹೊಡೆದರೆ ಬಣ್ಣ ಹಪ್ಪಳದಂತೆ ಏಳುವುದು ಗ್ಯಾರಂಟಿ. ಕಣ್ಣು ತೋರಿಸಲು ಬಂದವರಿಗೆ ಬಣ್ಣದ ಘಾಟಿಗೆ ಕಣ್ಣೀರು ಸುರಿಯತೊಡಗಿದರೆ ಯಾವ ಅಕ್ಷರ ಓದಿಯಾರು? ಹಾಗಾಗಿ ವಾಸನೆಯಿಲ್ಲದ ಬಣ್ಣವೇ ಆಗಬೇಕು. ಮುಂಭಾಗಕ್ಕೆ ಸಾರುವೆ ಕಟ್ಟಿದರೂ ಅಂಗಡಿಯ ಬೋರ್ಡು ಕಾಣುತ್ತಿರಬೇಕು. ಇದನ್ನೆಲ್ಲ ಬಣ್ಣದಣ್ಣ ಎರಡನೇ ಸಲ ಹೋದಾಗಲೇ ಹುಡುಕಿ ಬಗೆಹರಿಸಿಬಿಟ್ಟಿದ್ದ. ಮೂರನೇ ಸಲದಿಂದ ಆಚೆಗೆ ಎಲ್ಲವೂ ಕುಂಟುನೆಪ.

ಅಷ್ಟರಲ್ಲಿ ಬಣ್ಣ ಆರಿಸುವ ಮಾತು ಬಂತು. ಅಂಗಡಿಯೊಡತಿ ಅದಕ್ಕೊಂದು ಕಟ್ಟಳೆ ಹಾಕಿದಳು.

"ನೋಡಿ, ನಮ್ಮಲ್ಲಿ ಜನ ಗೋಡೆ ನೋಡೋಕೆ ಬರಲ್ಲ. ಕನ್ನಡಿಯಲ್ಲಿ ಅವರವರ ಮುಖ ನೋಡ್ಕೊಳ್ತಾರೆ. ಗೋಡೆ ಬಣ್ಣ ಮುಖದ ಮೇಲೆ ಬೀಳುತ್ತೆ. ಮುಖ ಚೆನ್ನಾಗಿ ಕಂಡ್ರೆ ಕನ್ನಡಕವೂ ಚೆನ್ನಾಗಿ ಕಾಣುತ್ತೆ. ಅದಕ್ಕೇ ಒಂದೊಂದು ಬಣ್ಣದ ಹಿಂದೆಯೂ ಒಂದು ಮುಖ ಇಟ್ಟು ನೋಡಬೇಕು."

"ಯಾರ ಮುಖ ಮೇಡಂ?"

"ಅಪ್ಪನ ಮುಖ ಇಟ್ರೆ ಯಾವ ಬಣ್ಣವೂ ಪಾಸಾಗಲ್ಲ. ನಿಮ್ಮದೇ ಇರಲಿ."

"ನನ್ನ ಮುಖಕ್ಕೇನಾಗಿದೆ?" ಎಂದು ಮೂಲೆಯಿಂದ ಯಜಮಾನರು ಗುಡುಗಿದರು. ಮಗಳು ಆಗಲೇ ಸ್ಟೂಲು ತಂದು ಕನ್ನಡಿಯೆದುರು ಇಟ್ಟಿದ್ದಳು.

ಅಂದಿನಿಂದ ಬಣ್ಣದಣ್ಣನ ಸೌಭಾಗ್ಯವನ್ನು ಏನೆಂದು ಹೇಳುವುದು! ಹಲಗೆಗಳಿಗೆ ಒಂದೊಂದು ಬಣ್ಣ ಬಳಿದು ತರುತ್ತಿದ್ದ, ಕನ್ನಡಿಯೆದುರು ಸ್ಟೂಲಿನ ಮೇಲೆ ಕೂತು ಹಲಗೆಯನ್ನು ತಲೆಯ ಹಿಂದೆ ಹಿಡಿದುಕೊಳ್ಳುತ್ತಿದ್ದ, ಅವಳು ಕೈಕಟ್ಟಿ ನಿಂತು ಅವನ ಮುಖವನ್ನೇ ದಿಟ್ಟಿಸುತ್ತಿದ್ದಳು. ತಿಳಿಹಸಿರು ಹಿಡಿದಾಗ "ಜ್ವರ ಬಂದು ಎದ್ದವರ ಹಾಗೆ ಕಾಣ್ತೀರಿ" ಎಂದಳು. ಹಳದಿ ಹಿಡಿದಾಗ "ಡಾಕ್ಟರ ಹತ್ತಿರ ಹೋಗಿ" ಎಂದಳು. ನೀಲಿಗೆ ಯಜಮಾನರೇ "ಬದುಕಿದ್ದಾನಾ?" ಎಂದು ಕೇಳಿದರು. ಬೆಳಗಿನ ಬಿಸಿಲಲ್ಲಿ ನೋಡಿದ್ದನ್ನು ಮಧ್ಯಾಹ್ನ ನೋಡಬೇಕು, ಮಧ್ಯಾಹ್ನ ನೋಡಿದ್ದನ್ನು ದೀಪ ಹಚ್ಚಿದ ಮೇಲೆ ನೋಡಬೇಕು ಎಂದು ಅವಳು ಹೇಳಿದರೆ, ಇವನು ಬೇಡ ಎನ್ನುವ ಆಸಾಮಿಯೇ? ಮೂರು ಹೊತ್ತೂ ಹಾಜರು.

ಕೊನೆಗೆ ಕೆನೆಬಣ್ಣಕ್ಕೆ ಒಂದು ಹನಿ ಕೆಂಪು ಬೆರೆಸಿದ ಹಲಗೆ ತಂದ ದಿನ ಅವಳು ಬಹಳ ಹೊತ್ತು ನೋಡಿದಳು. ಒಂದು ಹೆಜ್ಜೆ ಹತ್ತಿರ ಬಂದು ಮತ್ತೆ ನೋಡಿದಳು. ಬಣ್ಣದಣ್ಣ ಹಲಗೆಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡ.

"ನೀವು ಹೀಗೆ ಮುಖ ಕೆಂಪಗೆ ಮಾಡ್ಕೊಂಡ್ರೆ ಗೋಡೆ ಯಾವುದು, ನೀವು ಯಾವುದು ಅಂತ ನನಗೆ ಹೇಗೆ ಗೊತ್ತಾಗಬೇಕು?" ಎಂದಳು.

ಆ ಬಣ್ಣವೇ ಪಾಸಾಯಿತು. ಬಣ್ಣದಣ್ಣ ಅಂದು ಮನೆಗೆ ಹೋದದ್ದು ನಡೆದೋ, ಹಾರಿಯೋ! ದಾರಿಯಲ್ಲಿ ಸಿಕ್ಕ ಅಪರಿಚಿತರಿಗೆಲ್ಲ ನಕ್ಕ. ಲಾರಿಯವನೊಬ್ಬ ಬೈದದ್ದಕ್ಕೆ "ಥ್ಯಾಂಕ್ಸ್" ಎಂದ. ತನ್ನ ಮನೆಯ ಬೀಗಕ್ಕೆ ಗೋದಾಮಿನ ಕೀಲಿ ಹಾಕಿ ತಿರುಗಿಸುತ್ತ ಹಾಡು ಗುನುಗಿದ. ಆದರೆ ಹಾಸಿಗೆಗೆ ಬಿದ್ದ ಮೇಲೆ ತಲೆಗೆ ಹೊಳೆಯಿತು: ಬಣ್ಣವೂ ಆರಿಸಿದ್ದಾಯಿತಲ್ಲ, ಇನ್ನೇನು ಉಳಿಯಿತು?

ಉಳಿದದ್ದು ಅಳತೆಯೊಂದೇ. ಅದಕ್ಕವನ ಹತ್ತಿರ ಅಂಗೈಯಗಲದ ಒಂದು ಯಂತ್ರವಿತ್ತು. ಒಂದು ಗೋಡೆಗೆ ಬೆನ್ನು ಕೊಟ್ಟು ನಿಂತು, ಎದುರಿನ ಗೋಡೆಗೆ ಗುರಿಯಿಟ್ಟು ಗುಂಡಿ ಒತ್ತಿದರೆ ಅಲ್ಲಿ ಕೆಂಪು ಚುಕ್ಕೆ ಬೀಳುತ್ತದೆ, ಎಷ್ಟು ದೂರವೆಂದು ಯಂತ್ರವೇ ಅಂಕಿ ತೋರಿಸುತ್ತದೆ. ಹೋದಾಗಲೆಲ್ಲ ಅವನು ಬಾಗಿಲ ಕಡೆಯ ಗೋಡೆಗೆ ಒರಗಿ, ಎದುರಿನ ಕನ್ನಡಿಗೆ ಹಿಡಿದು ಅಂಗಡಿಯ ಉದ್ದ ಅಳೆಯುತ್ತಿದ್ದ. ಅಲ್ಲಿಂದ ನೋಡಿದರೆ ಕನ್ನಡಿಯಲ್ಲಿ ಅವಳು ಕಾಣುತ್ತಿದ್ದಳು. ಒಮ್ಮೆ ಕೌಂಟರಿನಲ್ಲಿ ಕೂತು ಬರೆಯುತ್ತ, ಒಮ್ಮೆ ಅಂಗಡಿಯ ನಡುವೆ ನಿಂತು ಯಾರಿಗೋ ಕನ್ನಡಕ ತೊಡಿಸುತ್ತ. ಅವನು ನೋಡುವುದು ಅವಳಿಗೆ ಗೊತ್ತಾಗುವಂತಿರಲಿಲ್ಲ, ಹಾಗೆಂದು ಅವನ ನಂಬಿಕೆ. ಬಂದ ಅಂಕಿಯನ್ನು ಅಕ್ಕನಿಗೆ ಫೋನಿನಲ್ಲಿ ಒದರಿ, ಮತ್ತೆ ನೋಡುತ್ತ ನಿಲ್ಲುತ್ತಿದ್ದ.

ಮಾರನೆಯ ದಿನ ಬೆಳಿಗ್ಗೆ ಅಕ್ಕ ಕಾಯುತ್ತ ಕೂತಿದ್ದಳು.

"ಬಾರೋ ಮಹಾರಾಯ. ಮೊದಲು ನಲವತ್ತೊಂದಡಿ ಅಂದೆ. ಆಮೇಲೆ ಮೂವತ್ತೈದು ಅಂದೆ. ಮೊನ್ನೆ ಇಪ್ಪತ್ತೊಂಬತ್ತು, ನಿನ್ನೆ ಮತ್ತೆ ನಲವತ್ತು. ಅದು ಅಂಗಡಿನೋ, ರೈಲೋ?"

"ಹಾಗಂದ್ನಾ?"

"ಮೇಲಿನ ಕೋಣೆ ಇಪ್ಪತ್ತೊಂದಡಿ. ಅದರ ಕೆಳಗಿನ ಅಂಗಡಿ ನಲವತ್ತೊಂದಡಿ. ಹಾಗಾದ್ರೆ ಅದು ಹಿಂದಿನ ಮನೆಯವರ ಅಡುಗೆಮನೆ ದಾಟಿ, ಆಚೆ ಬೀದಿಗೆ ಹೋಗಿ ನಿಂತಿರಬೇಕು. ಅಲ್ಲಿ ಬಸ್ಸು ಓಡಾಡುತ್ತೆ ಕಣೋ! ನಿನ್ನ ಅಳತೆ ನಂಬಿ ನಾನು ಬಣ್ಣ ಲೆಕ್ಕ ಹಾಕಿ ಕಳಿಸಿದ್ದೀನಿ. ಆ ಯಜಮಾನರು ಫೋನ್ ಮಾಡಿ, 'ಇಷ್ಟು ಬಣ್ಣ ಗೋಡೆಗಾ, ಕೆರೆಗಾ' ಅಂತ ಕೇಳಿದ್ರು. ನಮ್ಮನ್ನ ಬಿಟ್ಟು ಬೇರೆಯವರನ್ನ ಕರೆಸ್ತಾರಂತೆ. ಅಪ್ಪ ಕಟ್ಟಿದ ಹೆಸರು, ಒಂದು ಅಂಗಡಿಯ ಉದ್ದ ಅಳೆಯೋಕೆ ಬರದೇ ಹೋಗಬೇಕಾ?"

ಬಣ್ಣದಣ್ಣನಿಗೆ ಕೇಳಿಸಿದ್ದು ಒಂದೇ ಮಾತು. ಬೇರೆಯವರು! ಬೇರೆ ಯಾರೋ ಆ ಸ್ಟೂಲಿನ ಮೇಲೆ ಕೂತು ತಲೆಯ ಹಿಂದೆ ಹಲಗೆ ಹಿಡಿದಂತೆ, ಅವಳು ಕೈಕಟ್ಟಿ ನಿಂತು ಆ ಯಾರೋ ಒಬ್ಬನ ಮುಖ ನೋಡಿದಂತೆ ಕಣ್ಣಿಗೆ ಕಟ್ಟಿತು. ಕೆಲಸ ಹೋದರೆ ಹೋಗಲಿ ಎನ್ನಬಹುದಿತ್ತು. ಆದರೆ ಹೀಗೆ ದಡ್ಡನೆನ್ನಿಸಿಕೊಂಡು ಹೊರಬಿದ್ದರೆ ಮತ್ತೆ ಆ ಬಾಗಿಲು ತಳ್ಳಲು ಯಾವ ಮುಖ ಇರುತ್ತದೆ? ಅವಳಿಗೆ ಹೇಳಬೇಕೆಂದಿದ್ದ ಮಾತು ಇನ್ನೂ ಗಂಟಲಲ್ಲೇ ಇತ್ತು.

"ನಡಿ," ಎಂದಳು ಅಕ್ಕ. "ನಾನೂ ಬರ್ತೀನಿ. ಇವತ್ತು ಅಳತೆ ಸರಿಹೋಗಬೇಕು, ಪ್ಲ್ಯಾನು ಮುಗೀಬೇಕು. ಇಲ್ಲಾಂದ್ರೆ ಈ ಅಂಗಡಿಯ ಸುದ್ದಿಯನ್ನೇ ಬಿಟ್ಟುಬಿಡೋಣ."

ಅವರು ಹೋದಾಗ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಯಜಮಾನರು ಅವರನ್ನು ಕಂಡವರೇ "ಬಂದ್ರಾ! ನಮ್ಮ ನಲವತ್ತಡಿ ಅಂಗಡೀಲಿ ನಿಮಗೆಲ್ಲಿ ಬೇಕೋ ಅಲ್ಲಿ ಕೂತ್ಕೊಳ್ಳಿ" ಎಂದರು. ಅಂಗಡಿಯೊಡತಿ ಕೌಂಟರಿನಲ್ಲಿ ತಲೆ ತಗ್ಗಿಸಿ ಲೆನ್ಸೊಂದನ್ನು ಒರೆಸುತ್ತಿದ್ದಳು. ನಗುತ್ತಿದ್ದಳೋ, ಸಿಟ್ಟಾಗಿದ್ದಳೋ ಅವನಿಗೆ ತಿಳಿಯಲಿಲ್ಲ.

"ಈಗ ನನ್ನ ಕಣ್ಣೆದುರಿಗೇ ಅಳೆ," ಎಂದಳು ಅಕ್ಕ.

ಬಣ್ಣದಣ್ಣ ಎಂದಿನಂತೆ ಬಾಗಿಲ ಕಡೆಯ ಗೋಡೆಗೆ ಒರಗಿದ, ಎಂದಿನಂತೆ ಯಂತ್ರವನ್ನು ಕನ್ನಡಿಗೆ ಹಿಡಿದ. ಈ ಸಲ ಗೋಡೆಯನ್ನೇ ನೋಡಬೇಕೆಂದು ಗಟ್ಟಿ ಮನಸ್ಸು ಮಾಡಿದ್ದ. ಆದರೆ ಪಾಪ, ಕಣ್ಣು ಅವನ ಮಾತು ಕೇಳುವುದನ್ನು ಬಿಟ್ಟು ಎಷ್ಟು ದಿನವಾಗಿತ್ತೋ! ಅದು ಕನ್ನಡಿಯೊಳಗೆ ಅವಳಿರುವಲ್ಲಿಗೆ ಹೋಯಿತು, ಕಣ್ಣು ಹೋದ ಕಡೆ ಕೈಯೂ ಹೋಯಿತು. ಗುಂಡಿ ಒತ್ತಿದ.

"ನಲವತ್ತೊಂದು," ಎಂದ ಕ್ಷೀಣವಾಗಿ.

"ಇಪ್ಪತ್ತೊಂದಡಿಗೆ ಒಂದಂಗುಲ ಹೆಚ್ಚಿಲ್ಲ. ಕಟ್ಟಿಸಿದವನು ನಾನು!" ಯಜಮಾನರು ಕುರ್ಚಿಯ ತೋಳು ಗುದ್ದಿದರು.

ಗಲಾಟೆಗೆ ಮಗಳು ಎದ್ದು ಬಂದು, ಅಂಗಡಿಯ ನಡುವೆ ಕಪಾಟಿನ ಪಕ್ಕಕ್ಕೆ ನಿಂತಳು. "ಇನ್ನೊಂದು ಸಲ ಅಳೀರಿ ನೋಡೋಣ" ಎಂದಳು.

"ಮೂವತ್ತೊಂದು."

ಅಕ್ಕ ಹಣೆ ಚಚ್ಚಿಕೊಂಡಳು. "ಗೋಡೆ ನಡೀತಾ ಇದೆಯೇನೋ?"

"ಮಗಳೇ," ಎಂದರು ಯಜಮಾನರು, ಕಣ್ಣು ಕಿರಿದುಮಾಡಿ. "ನಿನ್ನ ತೋಳ ಮೇಲೇನದು ಕೆಂಪಗೆ?"

ಎಲ್ಲರೂ ನೋಡಿದರು. ಅವಳ ತೋಳಿನ ಮೇಲೆ ಒಂದು ಕೆಂಪು ಚುಕ್ಕೆ ನಡುಗುತ್ತಿತ್ತು. ಅವಳು ಒಂದು ಹೆಜ್ಜೆ ಬಲಕ್ಕೆ ಸರಿದಳು. ಚುಕ್ಕೆ ಅರೆಕ್ಷಣ ತಡೆದು ಬಲಕ್ಕೆ ಬಂತು. ಎಡಕ್ಕೆ ಸರಿದಳು. ಚುಕ್ಕೆ ಓಡೋಡಿ ಎಡಕ್ಕೆ ಬಂತು. ಬಣ್ಣದಣ್ಣನಿಗೆ ತನ್ನ ಕೈ ಅಲ್ಲಾಡುತ್ತಿರುವುದರ ಅರಿವೇ ಇರಲಿಲ್ಲ. ಅವನು ಬಾಯಿ ತೆರೆದು ಕನ್ನಡಿಯೊಳಗಿನ ಅವಳನ್ನೇ ನೋಡುತ್ತಿದ್ದ.

"ಓಹ್!" ಎಂದಳು ಅವಳು. ಕಣ್ಣು ತೋರಿಸಲು ಬಂದವರಿಗೆ ಬಿಡಿಸಿ ಹೇಳುವ ದನಿಯಲ್ಲಿ ಅಕ್ಕನ ಕಡೆ ತಿರುಗಿದಳು. "ಇದು ಸುಲಭ. ಬೆಳಕು ಕನ್ನಡಿ ಮೇಲೆ ನಿಲ್ಲಲ್ಲ, ಬಡಿದು ತಿರುಗಿ ಬರುತ್ತೆ. ಬಂದು ಎಲ್ಲಿ ಬೀಳುತ್ತೋ ಅಲ್ಲಿಯವರೆಗಿನ ದೂರವನ್ನ ಆ ಯಂತ್ರ ಹೇಳುತ್ತೆ. ನಾನು ಕೌಂಟರಲ್ಲಿದ್ರೆ ಜಾಸ್ತಿ, ಇಲ್ಲಿದ್ರೆ ಕಮ್ಮಿ. ಅಂದ್ರೆ ನಿಮ್ಮ ತಮ್ಮ ಇಷ್ಟು ದಿನ ಅಳೆದದ್ದು ಗೋಡೇನಲ್ಲ..."

ಅಲ್ಲಿಗೆ ಅವಳ ಪಾಠ ನಿಂತುಹೋಯಿತು. ಕಿವಿಯ ತುದಿಯವರೆಗೆ ಕೆಂಪೇರಿತು.

"ನಿನ್ನನ್ನ!" ಎಂದು ಅಕ್ಕ ಕಿರುಚಿದಳು. "ಅಯ್ಯೋ ಶಿವನೇ, ನಾನು ಈ ಹುಡುಗಿಗೆ ಎರಡೆರಡು ಕೋಟು ಬಣ್ಣದ ಲೆಕ್ಕ ಕಟ್ಟಿದ್ದೀನಿ!"

ಬಣ್ಣದಣ್ಣ ಇಂಗು ತಿಂದ ಮಂಗನಂತೆ ನಿಂತಿದ್ದ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಭೂಮಿ ಬಿಡಲಿಲ್ಲ, ಯಜಮಾನರು ಬಾಯಿ ಬಿಟ್ಟರು.

"ಅಲ್ಲಪ್ಪಾ, ಕನ್ನಡಿಗೆ ಬೆನ್ನು ಕೊಟ್ಟು ಈ ಕಡೆ ಗೋಡೆಗೆ ಹಿಡಿದಿದ್ರೆ ಸರಿಯಾಗಿ ಬರ್ತಿತ್ತಲ್ಲ? ಅಷ್ಟೂ ಗೊತ್ತಿಲ್ವಾ?"

"ಗೊತ್ತು ಸಾರ್. ಆದರೆ ಈ ಕಡೆ ತಿರುಗಿದ್ರೆ ಕೌಂಟರು ಎದುರಿಗೇ ಬರುತ್ತೆ. ಅವರನ್ನ ನೇರವಾಗಿ ನೋಡಬೇಕಾಗ್ತಿತ್ತು. ನನಗೆ ಧೈರ್ಯ ಬರಲಿಲ್ಲ. ಕನ್ನಡೀಲಾದ್ರೆ ಯಾರಿಗೂ ಗೊತ್ತಾಗಲ್ಲ ಅಂತ..." ಇಷ್ಟು ಹೇಳಿದ ಮೇಲೆ ತಾನು ಏನು ಹೇಳಿಬಿಟ್ಟೆನೆಂದು ಅವನಿಗೆ ಗೊತ್ತಾಗಿ, ನಾಲಿಗೆ ಕಚ್ಚಿಕೊಂಡ.

ಅಂಗಡಿಯೊಡತಿ ಅವನನ್ನೇ ನೋಡುತ್ತ ನಿಂತಳು. ಸಿಟ್ಟಿರಲಿಲ್ಲ. ತುಟಿಯಂಚಿನಲ್ಲಿ ನಗು ತಡೆದು ತಡೆದು ಸೋಲುತ್ತಿತ್ತು.

"ಬಣ್ಣದವರೇ, ಕನ್ನಡೀಲಿ ನನ್ನ ಕಣ್ಣು ನಿಮಗೆ ಕಂಡ್ರೆ, ನಿಮ್ಮ ಕಣ್ಣು ನನಗೂ ಕಾಣುತ್ತೆ. ನಮ್ಮ ಕಸುಬಲ್ಲಿ ಇದು ಮೊದಲನೇ ಪಾಠ."

ಅವನು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡ. "ಅಂದ್ರೆ... ಮೊದಲ ದಿನದಿಂದಲೇ?"

"ಮೊದಲ ದಿನದಿಂದಲೇ."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಅಳತೆ ಬೇಗ ಮುಗಿಸ್ಕೊಂಡು ಹೊರಟುಬಿಡ್ತಿದ್ರಿ. ನೀವು ಬರ್ತಾ ಇರಬೇಕು ಅಂತ ತಾನೇ ನಾನು ಬೆಳಗಿನ ಬೆಳಕು, ಮಧ್ಯಾಹ್ನದ ಬೆಳಕು, ದೀಪದ ಬೆಳಕು ಅಂತ ಕಥೆ ಕಟ್ಟಿದ್ದು? ಕೆನೆಬಣ್ಣವೇ ಆಗಬೇಕು ಅಂತ ನನಗೆ ಮೊದಲೇ ಗೊತ್ತಿತ್ತು. ಸುಮ್ಮನೆ ಸತಾಯಿಸಿದೆ."

ಯಜಮಾನರು ಮಗಳನ್ನೂ, ಬಣ್ಣದಣ್ಣನನ್ನೂ, ಕನ್ನಡಿಯನ್ನೂ ಸರದಿಯ ಮೇಲೆ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಅಕ್ಕ ತಮ್ಮನ ಕೈಯಿಂದ ಯಂತ್ರ ಕಿತ್ತುಕೊಂಡು, ಕನ್ನಡಿಗೆ ಬೆನ್ನು ಕೊಟ್ಟು ನಿಂತು ಗುಂಡಿ ಒತ್ತಿದಳು. ಇಪ್ಪತ್ತೊಂದಡಿ. "ಮುಗೀತು," ಎಂದಳು. "ಸೋಮವಾರದಿಂದ ಆಳು ಕಳಿಸ್ತೀನಿ ಯಜಮಾನರೇ. ಮೇಲಿನ ಕೋಣೆ ಮೊದಲು." ಯಜಮಾನರು ನಗುತ್ತಲೇ ಕೈಯಾಡಿಸಿ ಒಪ್ಪಿಗೆ ಕೊಟ್ಟರು.

ಮುಗಿಯಿತು ಎಂಬ ಆ ಮಾತೇ ಬಣ್ಣದಣ್ಣನಿಗೆ ಧೈರ್ಯ ತಂದಿತೋ ಏನೋ. ಅವನು ಕನ್ನಡಿಯ ಕಡೆ ನೋಡಲಿಲ್ಲ. ಅವಳ ಕಡೆಗೇ ತಿರುಗಿ ನೆಟ್ಟಗೆ ನಿಂತ.

"ಮೇಡಂ, ನಿಮ್ಮನ್ನ ಕಂಡ್ರೆ ನನಗೆ ತುಂಬಾ ಇಷ್ಟ. ಪ್ಲ್ಯಾನು ಇವತ್ತಿಗೆ ಮುಗಿದುಹೋಯ್ತು. ಇನ್ನು ಇಲ್ಲಿಗೆ ಬರೋಕೆ ನನಗೆ ಯಾವ ಕೆಲಸವೂ ಇಲ್ಲ."

"ಹಾಗಾದ್ರೆ ಕೆಲಸ ಇಲ್ಲದೇ ಬನ್ನಿ," ಎಂದಳು ಅವಳು.

ಅಷ್ಟು ಸಾಕಾಯಿತು. ಬಣ್ಣದಣ್ಣ ಎಲ್ಲರಿಗೂ ಕೈಮುಗಿದ. ಕಪಾಟಿಗೂ ಒಂದು ಸಲ ಮುಗಿದ. ಬಾಗಿಲನ್ನು ಎಳೆಯಬೇಕಾದಲ್ಲಿ ತಳ್ಳಿದ, ಆಮೇಲೆ ಎಳೆದ, ಹೊರಗೆ ಬಂದ. ಕಾಲು ನೆಲಕ್ಕೆ ತಾಗುತ್ತಿದೆಯೇ ಇಲ್ಲವೇ ಎಂದು ನೋಡಿಕೊಳ್ಳುವ ಗೋಜಿಗೂ ಹೋಗದೆ ನಡೆದ. ಬೀದಿಯ ಅಂಗಡಿಗಳೆಲ್ಲ ಅವತ್ತು ಹೊಸದಾಗಿ ಬಣ್ಣ ಹೊಡೆಸಿಕೊಂಡಂತೆ ಕಂಡವು. ಬೀದಿ ಮುಗಿದು, ಇನ್ನೊಂದು ಬೀದಿಯೂ ಅರ್ಧ ಮುಗಿದ ಮೇಲೆ ಅವನಿಗೆ ಏನೋ ಕಡಿಮೆಯಾದಂತೆ ಅನ್ನಿಸಿತು. ಜೇಬು ಮುಟ್ಟಿ ನೋಡಿಕೊಂಡ, ಚೀಲ ಮುಟ್ಟಿ ನೋಡಿಕೊಂಡ, ಆಮೇಲೆ ನೆನಪಾಯಿತು. ಅಕ್ಕನನ್ನು ಅಂಗಡಿಯಲ್ಲೇ ಬಿಟ್ಟು ಬಂದಿದ್ದ.

ಬಂದ ದಾರಿಯಲ್ಲೇ ಓಡಿದ. ಏದುಸಿರು ಬಿಡುತ್ತ ಬಾಗಿಲು ತೆರೆದಾಗ ಅಕ್ಕ ಮತ್ತು ಯಜಮಾನರು ಅಕ್ಕಪಕ್ಕ ಕುರ್ಚಿ ಹಾಕಿಕೊಂಡು, ಹುಟ್ಟಿನಿಂದ ಪರಿಚಯವಿದ್ದವರಂತೆ ಹರಟುತ್ತಿದ್ದರು. ಅವನು ಬಂದದ್ದನ್ನು ಇಬ್ಬರೂ ಗಮನಿಸಲಿಲ್ಲ. ಅಂಗಡಿಯೊಡತಿ ಕೌಂಟರಿನಿಂದ ತಲೆಯೆತ್ತಿ ನೋಡಿದಳು.

"ಕೆಲಸ ಇಲ್ಲದೇ ಬನ್ನಿ ಅಂದೆ, ನಿಜ," ಎಂದಳು. "ಇಷ್ಟು ಬೇಗ ಬರ್ತೀರಿ ಅಂದ್ಕೊಂಡಿರಲಿಲ್ಲ. ಕೂತ್ಕೊಳ್ಳಿ."